ಗುರುವಾರದ ಬುತ್ತಿ

ಗಂಡನಿಗೆ ಇನ್ನೊಬ್ಬಳು ಗಂಟುಬೀಳುವ ಸಿನಿಮಾಗಳ ಹುಚ್ಚು ನನಗಿತ್ತು. ಇತ್ತು ಎಂದರೆ ಸುಳ್ಳಾದೀತು. ಹುಚ್ಚು ಇನ್ನೂ ಇದೆ, ನೋಡುವುದನ್ನಷ್ಟೇ ಬಿಟ್ಟಿದ್ದೇನೆ. ಸುರಪುರದಿಂದ ಹುಣಸಗಿ ಹತ್ತಿರದ ನಮ್ಮ ಶಾಲೆಗೆ ಹೋಗುವ ಬಸ್ಸಿನಲ್ಲಿ ನಾನು ಮತ್ತು ಜೊತೆಗೆ ಪಾಠ ಹೇಳುವ ನನ್ನ ಗೆಳತಿ ಒಂದೇ ಮೊಬೈಲು ಹಿಡಿದು ಕೂರುತ್ತಿದ್ದೆವು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನಗೆ. ಕತೆ ಯಾವುದಾದರೇನು, ನಮೂನೆ ಒಂದೇ. ಸುಳ್ಳು ಹೇಳುವ ಗಂಡ, ಕೊನೆಗೆ ಚಾಕು ಹಿಡಿದು ಬಾಗಿಲಿಗೆ ಬಂದು ನಿಲ್ಲುವ ಮೂರನೆಯವಳು. ಹೆಂಡತಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಮೊದಲು ಗುರುತು ಹಿಡಿಯುವವಳು ಅವಳ ಗೆಳತಿ. ಆ ಗೆಳತಿಯ ಪಾತ್ರ ನನಗೆ ಬಲು ಸೇರುತ್ತಿತ್ತು.

"ನೀ ಆಗಿದ್ರ ಪಟ್ನ ಹಿಡೀತಿದ್ದಿ ಬಿಡು," ಎಂದು ನನ್ನ ಈ ಗೆಳತಿ ಚಾಷ್ಟಿ ಮಾಡುತ್ತಿದ್ದಳು. ನಾನು ಉಬ್ಬುತ್ತಿದ್ದೆ, ದಡ್ಡಿ.

ಇವಳ ಗಂಡನಿಗೆ ನಾರಾಯಣಪುರದಲ್ಲಿ ನೌಕರಿ. ಅಲ್ಲೇ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಮನೆಗೆ ಬರುತ್ತಿದ್ದ. ಇವಳು ದಿನಾ ಬೆಳಿಗ್ಗೆ ಚಪಾತಿ ಕಟ್ಟಿ, ಬುತ್ತಿ ಡಬ್ಬಿಯನ್ನು ನಮ್ಮದೇ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದಳು. ನಮ್ಮ ಕಡೆ ಬಸ್ಸಿನಲ್ಲಿ ಮಂದಿಗಿಂತ ಬುತ್ತಿಗಳೇ ಹೆಚ್ಚು. ನಾವು ಶಾಲೆಯ ಹತ್ತಿರ ಇಳಿದರೆ ಡಬ್ಬಿ ಮುಂದೆ ಹೋಗುತ್ತಿತ್ತು.

ಒಂದು ಗುರುವಾರ ತರಬೇತಿಗೆಂದು ನಾನೊಬ್ಬಳೇ ನಾರಾಯಣಪುರದವರೆಗೆ ಹೋದೆ. ದಾರಿಯಲ್ಲಿ ಕಾಲುವೆ ಕ್ರಾಸಿನಲ್ಲಿ ಒಬ್ಬ ಹೆಂಗಸು ಓಡಿಬಂದು ಡ್ರೈವರ್‌ಗೆ ಬಟ್ಟೆಯ ಗಂಟೊಂದನ್ನು ಕೊಟ್ಟಳು. ನಾರಾಯಣಪುರದಲ್ಲಿ ಆ ಗಂಟನ್ನೂ ಇವಳ ಡಬ್ಬಿಯನ್ನೂ ಇಳಿಸಿಕೊಂಡವನು ಇವಳ ಗಂಡ! ಡಬ್ಬಿಯನ್ನು ಅಲ್ಲೇ ನಿಂತಿದ್ದ ವಾಚ್‌ಮನ್‌ಗೆ ಕೊಟ್ಟುಬಿಟ್ಟ. ಊಟದ ಹೊತ್ತೂ ಆಗಿರಲಿಲ್ಲ, ಬೇವಿನ ಗಿಡದ ಕೆಳಗೆ ಕೂತು ಗಂಟು ಬಿಚ್ಚಿದ. ಸಜ್ಜಿ ರೊಟ್ಟಿ, ಪುಂಡಿಪಲ್ಯ. ಒಂದೊಂದು ತುತ್ತನ್ನೂ ನಿಧಾನವಾಗಿ ಉಂಡ.

"ಯಾರ್ರಿ ಅಕಿ?" ಎಂದು ಡ್ರೈವರನನ್ನು ಕೇಳಿದೆ.

"ಯಾರಿಗ್ಗೊತ್ರಿ ಟೀಚರ್. ಗುರುವಾರಕ್ಕೊಮ್ಮಿ ಕೊಡ್ತಾಳ, ನಾ ಒಯ್ತೀನಿ."

ಗೆಳತಿಯ ಗಂಡ ಹತ್ತು ಹೆಜ್ಜೆ ದೂರದಲ್ಲಿದ್ದ. ಹೋಗಿ ಕೇಳಿದ್ದರೆ "ಬರ್ರಿ ಅಕ್ಕಾರ, ಉಣ್ಣೂಣು ಬರ್ರಿ" ಎಂದು ಎಲ್ಲ ಹೇಳುತ್ತಿದ್ದನೇನೋ. ನಾನು ಚಹಾದಂಗಡಿಯ ಮರೆಗೆ ನಿಂತು ಫೋಟೋ ತೆಗೆದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಿಜ ಹೇಳಬೇಕೆಂದರೆ, ಆಗ ನನಗೆ ಗೆಳತಿಯ ಮೇಲೆ ಮರುಕ ಹುಟ್ಟಲಿಲ್ಲ. ಖುಷಿಯಾಯಿತು. ಆ ಖುಷಿಗೆ ಇವತ್ತಿಗೂ ನಾಚಿಕೆಪಡುತ್ತೇನೆ.

ಮರುದಿನ ಫೋಟೋ ತೋರಿಸಿದೆ. ಅವಳು ಅತ್ತಳು, ಅತ್ತೆಗೆ ಹೇಳಿದಳು. "ಮುಂದಿನ ಗುರುವಾರ ಹೋಗಿ ಹಿಡಿಯೂಣು," ಎಂದವಳು ನಾನೇ. ಇಲ್ಲದ ಉಸಾಬರಿ ಎಂದು ನನಗೆ ಬುದ್ಧಿ ಹೇಳುವವರು ಯಾರೂ ಇರಲಿಲ್ಲ, ಇದ್ದಿದ್ದರೂ ಕೇಳುತ್ತಿರಲಿಲ್ಲ.

ಅತ್ತೆ, ಸೊಸೆ, ನಾನು, ಮೂವರೂ ಹುಣಸಗಿಯಿಂದ ಆಟೋ ಮಾಡಿಕೊಂಡು ಬಸ್ಸಿಗಿಂತ ಮೊದಲೇ ಕಾಲುವೆ ಕ್ರಾಸಿಗೆ ಹೋದೆವು. ಆ ಹೆಂಗಸು ಗಂಟು ಹಿಡಿದು ನಿಂತಿದ್ದಳು. ಅತ್ತೆ ಚಪ್ಪಲಿ ಕೈಗೆ ತಗೊಂಡು, "ಯಾರಲೇ ಅಕಿ, ನನ್ನ ಮಗನ ಮನಿ ಮುರಿಯಾಕಿ?" ಎಂದು ನುಗ್ಗಿದಳು. ಹತ್ತಿರ ಹೋದವಳು ನಿಂತೇಬಿಟ್ಟಳು. ಚಪ್ಪಲಿ ಕೈಯಿಂದ ಬಿತ್ತು.

"ಯವ್ವಾ," ಎಂದಳು ಆ ಹೆಂಗಸು.

ಆಕೆ ಈ ತಾಯಿಯ ಮಗಳು. ಬೇರೆ ಜಾತಿಯವನನ್ನು ಮದುವೆಯಾದಳೆಂದು ಒಂಬತ್ತು ವರ್ಷದ ಹಿಂದೆ ಬದುಕಿದ್ದವಳಿಗೇ ಎಳ್ಳುನೀರು ಬಿಟ್ಟಿದ್ದರು. ಆಮೇಲೆ ಸೊಸೆಯಾಗಿ ಬಂದ ನನ್ನ ಗೆಳತಿಗೆ ನಾದಿನಿ ಸತ್ತಿದ್ದಾಳೆ ಎಂದಷ್ಟೇ ಹೇಳಿದ್ದರು. ಅಣ್ಣನೊಬ್ಬ ಮಾತ್ರ ಕದ್ದು ತಂಗಿಯ ಕೈ ರೊಟ್ಟಿ ಉಣ್ಣುತ್ತಿದ್ದ. ಅವಳಿಗೆ ಉಳಿದಿದ್ದ ತವರು ಅಷ್ಟೇ.

ತಾಯಿ ಅಪ್ಪಿಕೊಳ್ಳುತ್ತಾಳೆ ಎಂದು ನಾನು ಕಾದೆ. ಆಕೆ ಸೊಸೆಯ ಕೈಯಿಂದ ಫೋನ್ ಕಸಿದು ಮಗನಿಗೆ ಹಚ್ಚಿದಳು. "ಅಕಿ ಕೈಯಾಂದು ಇನ್ನೊಂದು ತುತ್ತು ಉಂಡ್ರ ನನ್ನ ಹೆಣಾ ನೋಡ್ತಿ." ಅಷ್ಟು ಹೇಳಿ ಆಟೋದಲ್ಲಿ ಹೋಗಿ ಕೂತಳು. ಸೊಸೆ ನನ್ನ ಮುಖವನ್ನೂ ನೋಡದೆ ಹಿಂದೆ ಹೋದಳು.

ತಂಗಿ ನನ್ನನ್ನು ಕೇಳಿದಳು: "ಅಂವ ನನ್ನ ಇಟ್ಕೊಂಡಾನ ಅಂತ ತಿಳ್ಕೊಂಡಿದ್ರ್ಯಾ?"

ಹೌದೆಂದು ತಲೆ ಆಡಿಸಿದೆ.

"ಇಟ್ಕೊಂಡಾಕಿ ಆಗಿದ್ರ ಬಿಡ್ತಿದ್ದಿಲ್ರಿ ಅಂವ. ತಂಗಿ ಆಗೀನಿ. ಬಿಡ್ತಾನ."

ಬಿಟ್ಟ. ಗೆಳತಿ ಈಗ ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಕೂರುತ್ತಾಳೆ. ಒಂದು ದಿನ ನಾನು ಇಳಿಯುವಾಗ ಡ್ರೈವರ್ ತಾನಾಗಿಯೇ ಮಾತು ತೆಗೆದ. "ಆ ಕ್ರಾಸಿನಾಕಿ ಇನ್ನಾ ಗಂಟು ಕೊಡ್ತಾಳ್ರಿ ಟೀಚರ್. ನಿಮ್ಮ ಗೆಳತ್ಯಾರ ಮನಿಯವ್ರು ಡಬ್ಬಿ ಅಷ್ಟ ಇಳಿಸ್ಕೊಂತಾರ, ಗಂಟು ಮುಟ್ಟವಲ್ರು. ಸಂಜೀಕ ಹಂಗ ತಂದು ಅಕಿ ಕೈಯಾಗ ಕೊಡ್ಬೇಕಾದ್ರ ಕರುಳು ಚುರ್ ಅಂತದ. ಏನಾತಂತ ನಿಮಗೇನಾರ ಗೊತ್ತದ ಏನ್ರಿ?"

"ಇಲ್ರಿ," ಎಂದೆ.