ಬರೀ ಗುಂಡಿ ಅನ್ನುವ ಫೋನು

ಆ ಮಂಗಳವಾರವೂ ಪಾತಮ್ಮ ಎದ್ದವಳೇ ಮಗ್ಗದ ಗುಂಡಿಯ ಮೇಲಿನ ಹಲಗೆ ಎತ್ತಿದಳು. ಒಳಗಿನ ಕಸ ಗುಡಿಸಿ ಮತ್ತೆ ಮುಚ್ಚಿದಳು. ಮೇಲೆ ನಿಂತು, ಅಲುಗುವುದಿಲ್ಲವೆಂದು ನೋಡಿಕೊಂಡಳು. ಅವಳ ಗಂಡ ಮೂಡಲಗಿರಿಯಪ್ಪ ಮೊಳಕಾಲ್ಮೂರಿನ ಆ ಮನೆಯಲ್ಲಿ ಮೂವತ್ತು ವರ್ಷ ಅದೇ ಗುಂಡಿಗೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದವನು. ಸಕ್ಕರೆ ಕಾಯಿಲೆಗೆ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ಮಗ್ಗ ನಿಂತಿತ್ತು. ಗುಂಡಿಗೆ ಮಣ್ಣು ತುಂಬಿಸೋಣವೆಂದರೆ ಅವನು ಒಪ್ಪಿರಲಿಲ್ಲ.

ಅಷ್ಟರಲ್ಲಿ ಜಗುಲಿಯಲ್ಲಿ ಅವನ ಫೋನು ಶುರುವಾಯಿತು.

"ಗುಂಡಿ. ಗುಂಡಿ. ಗುಂಡಿ."

ಬೆರಳು ಇಟ್ಟಲ್ಲಿ ಏನಿದೆಯೋ ಅದನ್ನು ಓದಿ ಹೇಳುವ ಫೋನು ಅದು. ಚಳ್ಳಕೆರೆಯ ಒಂದು ಸೇವಾ ಸಂಸ್ಥೆ ಕುರುಡರಿಗೆ ಕೋಲು, ಕಾಲಿಲ್ಲದವರಿಗೆ ಗಾಲಿ ಕುರ್ಚಿ ಕೊಡುತ್ತಿತ್ತು. ಈ ವರ್ಷದಿಂದ ಅರ್ಜಿಯೆಲ್ಲ ವೆಬ್‌ಸೈಟಿನಲ್ಲೇ ಹಾಕಬೇಕು. ಅಲ್ಲಿ ಒತ್ತುವ ಜಾಗಕ್ಕೆ ಒಂದಕ್ಕೂ ಹೆಸರಿಲ್ಲ, ಕುರುಡರಿಗೆ ಹೇಗೆ ಗೊತ್ತಾಗಬೇಕು ಎಂದು ಮೂಡಲಗಿರಿಯಪ್ಪ ದೂರು ಹೇಳಿದ್ದ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಮಹಾಂತೇಶ ಎಲ್ಲಕ್ಕೂ ಹೆಸರು ಕೊಟ್ಟ. ಎಲ್ಲಕ್ಕೂ ಒಂದೇ ಹೆಸರು, ಗುಂಡಿ.

"ನಾಕು ಮಕ್ಕಳಿಗೂ ಮಗು ಅಂತಲೇ ಹೆಸರಿಟ್ಟಂಗಾಯ್ತಲ್ಲೇ ಪಾತಿ," ಎಂದು ಮೂಡಲಗಿರಿಯಪ್ಪ ನಕ್ಕ. "ನಮ್ಮೂರ ರೋಡಿಗಿಂತ ಇವನ ಸೈಟಿನಾಗೆ ಗುಂಡಿ ಜಾಸ್ತಿ ಅವೆ."

ಅವಳಿಗೆ ನಗು ಬರಲಿಲ್ಲ. ಮೂರು ದಿನದಿಂದ ಅದೇ ಸದ್ದು ಕೇಳಿ ತಲೆ ಚಿಟ್ಟು ಹಿಡಿದಿತ್ತು. ಆಫ್ ಮಾಡ್ರಿ ಎಂದು ಗದರಿದಳು. ಅವನು ಮಹಾಂತೇಶನಿಗೆ ಫೋನು ಹಚ್ಚಿದ. ಆ ಕಡೆಯವನು, ಬಣ್ಣ ಬದಲಾಯಿಸಿದ್ದೀನಿ, ಹೆಂಗೈತೆ ನೋಡಿ ಹೇಳ್ರಿ ಅಂದನಂತೆ. ಗುರುವಾರ ಚಳ್ಳಕೆರೆಗೆ ಕರೆದುಕೊಂಡು ಹೋಗು, ಎದುರಿಗೇ ಕೂತು ಹೇಳುತ್ತೇನೆ ಎಂದು ಮೂಡಲಗಿರಿಯಪ್ಪ ಪಾತಮ್ಮನಿಗೆ ಹೇಳಿ, ಮುದ್ದೆ ಉಂಡು ಮಲಗಿದ.

ಬುಧವಾರ ಎದೆ ಹಿಡಿದುಕೊಂಡ. ಆಸ್ಪತ್ರೆ ಮುಟ್ಟಲಿಲ್ಲ.

ದಿನಕಾರ್ಯ ಮುಗಿದ ಮೇಲೆ ಗೌರಸಮುದ್ರದಿಂದ ಕ್ಯಾತಮ್ಮ ಫೋನು ಮಾಡಿದಳು. ಅವಳೂ ಕುರುಡಿ, ಒಂಟಿ. ಕೋಲು ಮುರಿದು ತಿಂಗಳಾಗಿತ್ತು. ಗೋಡೆ ಹಿಡಿದು ಓಡಾಡುತ್ತಿದ್ದಳು. ನಿನ್ನ ಅರ್ಜಿ ನೀನೇ ಹಾಕುವ ಹಾಗೆ ಮಾಡಿಸುತ್ತೇನೆಂದು ಮೂಡಲಗಿರಿಯಪ್ಪ ಮಾತು ಕೊಟ್ಟಿದ್ದ. ಆ ಶನಿವಾರ ಅರ್ಜಿಗೆ ಕಡೇ ದಿನ.

"ಇನ್ನೂ ಗುಂಡಿ ಅಂತಲೇ ಐತಕ್ಕಾ," ಅಂದಳು ಕ್ಯಾತಮ್ಮ. "ಅದು ಗುಂಡಿ ಅಂದಾಗೆಲ್ಲ ನಾನು ಕಾಲು ಹಿಂದಕ್ಕೆ ತಗೀತೀನಿ."

ಪಾತಮ್ಮ ಓದಿದ್ದು ನಾಲ್ಕನೇ ಕ್ಲಾಸು. ಶುಕ್ರವಾರ ಬೆಳಗಿನ ಬಸ್ಸು ಹತ್ತಿ ಚಳ್ಳಕೆರೆಗೆ ಹೋದಳು. ಮಹಾಂತೇಶ ಕುರ್ಚಿ ಕೊಟ್ಟ, ಟೀ ತರಿಸಿದ, ಯಜಮಾನರ ವಿಷಯ ಕೇಳಿ ಬೇಜಾರಾಯಿತು ಅಂದ. ಆಮೇಲೆ ಸೈಟು ತೋರಿಸಿದ. ಹೂವಿತ್ತು, ಫೋಟೋ ಇತ್ತು, ಬಣ್ಣವೂ ಇತ್ತು. ಎಲ್ಲ ಸರಿಯಿದೆಯಲ್ಲಮ್ಮ ಅಂದ.

ಪಾತಮ್ಮ ಟೀ ಮುಟ್ಟಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಪ್ಯೂಟರಿನ ಮುಖಕ್ಕೆ ಹೊದಿಸಿದಳು. ಗಂಡನ ಫೋನನ್ನು ಮಹಾಂತೇಶನ ಕೈಗಿಟ್ಟಳು.

"ಕಣ್ಣು ಮುಚ್ಚಪ್ಪ. ಒಂದು ಕೋಲಿಗೆ ಅರ್ಜಿ ಹಾಕು."

ಅವನು ಕಣ್ಣು ಮುಚ್ಚಿದ. ಫೋನು ಗುಂಡಿ ಅಂದಿತು. ಒತ್ತಿದ. ಹೆಸರು, ಊರು ಬಾಯಲ್ಲೇ ಹೇಳಿ ತುಂಬಿದ. ಮತ್ತೆ ಗುಂಡಿ. ಅದನ್ನೂ ಒತ್ತಿದ. ಬರೆದದ್ದೆಲ್ಲ ಅಳಿಸಿಹೋಯಿತು. ಎರಡನೇ ಸಲ ಕೊನೆಯವರೆಗೂ ಹೋದ. ಅಲ್ಲಿ ಫೋನು, ನೀವು ಮನುಷ್ಯರೆಂದು ತೋರಿಸಲು ಚಿತ್ರದಲ್ಲಿ ಕಾಣುವ ಅಕ್ಷರ ಬರೆಯಿರಿ ಅಂದಿತು. ಅವನು ಒಂದು ರೆಪ್ಪೆ ಎತ್ತಿದ.

"ಕದ್ದು ನೋಡಬೇಡ. ಕ್ಯಾತಮ್ಮಂಗೆ ಕದ್ದು ನೋಡೋಕೂ ಆಗಲ್ಲ. ಅವಳು ಮನುಷ್ಯಳಲ್ವಾ?"

ಅವನು ಕಣ್ಣು ಬಿಟ್ಟ. ಅದು ಕಳ್ಳರನ್ನು ತಡೆಯೋಕೆ ಇಟ್ಟಿದ್ದು ಎಂದು ಏನೋ ಹೇಳಹೊರಟ. ಕಳ್ಳರು ಕೋಲು ಕೇಳೋಕೆ ಬರ್ತಾರಾ ಎಂದು ಅವಳು ಕೇಳಿದಳು. ಅವನು ಟವೆಲ್ಲು ತೆಗೆದು ಕೆಲಸಕ್ಕೆ ಕೂತ. ಏನು ಹೆಸರು ಇಡಲಿ ಎಂದು ಒಂದೊಂದಕ್ಕೂ ಕೇಳಿದ. ಪಾತಮ್ಮನದು ಒಂದೇ ಉತ್ತರ.

"ಒತ್ತಿದ್ರೆ ಏನಾಗ್ತೈತೋ ಅದೇ ಹೆಸರು. ಕಳಿಸೋದಾದ್ರೆ ಅರ್ಜಿ ಕಳಿಸು ಅಂತ. ಅಳಿಸೋದಾದ್ರೆ ಅಳಿಸು ಅಂತ. ಇದಕ್ಕೆ ಓದಿರಬೇಕಾ?"

ಚಿತ್ರದ ಅಕ್ಷರವನ್ನೂ ತೆಗಿ ಅಂದಳು. ಬೆಂಗಳೂರಿನ ಆಫೀಸನ್ನು ಕೇಳಬೇಕು ಅಂದ. ಕೇಳು, ಕೂತಿರ್ತೀನಿ ಅಂದಳು. ಊಟದ ಹೊತ್ತು ಮೀರಿದ ಮೇಲೆ ಅಲ್ಲಿಂದ ಒಪ್ಪಿಗೆ ಬಂತು, ಅವನು ತೆಗೆದ. ನಾಲ್ಕು ಗಂಟೆಗೆ ಅವಳೇ ಗೌರಸಮುದ್ರಕ್ಕೆ ಫೋನು ಮಾಡಿ ಈಗ ನೋಡು ಅಂದಳು. ಅರ್ಧ ಗಂಟೆಯ ಮೇಲೆ ಮಹಾಂತೇಶನ ಕಂಪ್ಯೂಟರಿನಲ್ಲಿ ಒಂದು ಹೆಸರು ಬಂತು. ಕ್ಯಾತಮ್ಮ, ಗೌರಸಮುದ್ರ, ಬಿಳಿ ಕೋಲು.

ಹಿಂದೆಯೇ ಕ್ಯಾತಮ್ಮನ ಫೋನು ಬಂತು. ಅರ್ಜಿ ಹೋಯಿತು, ಆದರೆ ಫೋಟೋಗಳಿಗೆಲ್ಲ ಬರೀ ಚಿತ್ರ, ಚಿತ್ರ ಅಂತ ಓದುತ್ತೆ ಎಂದು ಬೈದಳು. ಪಾತಮ್ಮ ಮಹಾಂತೇಶನ ಮುಖ ನೋಡಿದಳು. ಸೋಮವಾರ ಬರ್ತೀನಿ ಎಂದು ಟವೆಲ್ಲು ಹೆಗಲಿಗೆ ಹಾಕಿ ಎದ್ದಳು.

ಕ್ಯಾತಮ್ಮನಿಗೆ ಕೋಲು ಬಂದು ಈಗ ಎರಡು ತಿಂಗಳು. ಗುಂಡಿಗೆ ಮಣ್ಣು ತುಂಬಿಸು, ಇನ್ನು ಯಾರು ಬೀಳಬೇಕು ಎಂದು ಪಕ್ಕದ ಮನೆ ಶಿವಬಸಮ್ಮ ಹೇಳುತ್ತಲೇ ಇದ್ದಾಳೆ. ಪಾತಮ್ಮ ಹೂಂ ಅನ್ನುತ್ತಾಳೆ. ಬೆಳಿಗ್ಗೆ ಎದ್ದು ಹಲಗೆ ಎತ್ತುತ್ತಾಳೆ, ಕಸ ಗುಡಿಸುತ್ತಾಳೆ, ಮುಚ್ಚುತ್ತಾಳೆ. ಮೇಲೆ ಹತ್ತಿ ನಿಂತು, ಅಲುಗುತ್ತದೆಯೇ ಎಂದು ಎರಡು ಸಲ ತುಳಿದು ನೋಡುತ್ತಾಳೆ.