ಅಂಜಿನವ್ವನಿಗೆ ಬಿಟ್ಟುಕೊಟ್ಟ ಬಾವಿ

ಹರಿಹರದ ಪೇಟೆ ಬಾವಿಯನ್ನು ರಾಷ್ಟ್ರನಾಯಕರೊಬ್ಬರು ಸರ್ವರಿಗೂ ಮುಕ್ತಗೊಳಿಸಿದರೆಂದೂ, ಅಂದಿನಿಂದ ಊರೆಲ್ಲ ಒಂದೇ ಬಾವಿಯ ನೀರು ಕುಡಿಯಿತೆಂದೂ ಈಚೆಗೆ ದಾವಣಗೆರೆಯ ಸಭೆಯೊಂದರಲ್ಲಿ ಭಾಷಣಕಾರರು ಹೇಳಿದರು. ಮೊದಲ ಮಾತು ನಿಜ. ಎರಡನೆಯದು ಸುಳ್ಳು. ಚಪ್ಪಾಳೆ ಬಿದ್ದದ್ದು ಎರಡನೆಯದಕ್ಕೆ. ಆದ್ದರಿಂದ ಅಂಜಿನವ್ವನ ವಿಷಯ ಬರೆಯಬೇಕಾಗಿದೆ. ಆಕೆಯೂ, ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಿದ್ದ ಅಲ್ಲಾಬಕ್ಷ್ ಅವರೂ ನನಗೆ ಹೇಳಿದ್ದನ್ನು ಬರೆದಿದ್ದೇನೆ; ಇಬ್ಬರೂ ಒಪ್ಪದ್ದನ್ನು ಬಿಟ್ಟಿದ್ದೇನೆ. ನಾಯಕರ ಹೆಸರನ್ನೂ ಬಿಟ್ಟಿದ್ದೇನೆ. ಅಪಮಾನ ಅವರದಲ್ಲ, ನಮ್ಮದು.

ಅಂಜಿನವ್ವ ಹುಟ್ಟಿದ್ದು ಕೊಂಡಜ್ಜಿಯಲ್ಲಿ. ಮದುವೆಯಾಗಿ ಬಂದದ್ದು ಹರಿಹರದ ಹೊರಕೇರಿಗೆ. ಗಂಡ ಭರಮಣ್ಣ ದಾವಣಗೆರೆಯ ಗಿರಣಿಯೊಂದರಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದ. ಕೇರಿಯ ಹೆಂಗಸರು ಪೇಟೆ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೆಳಗೆ ಕೊಡವಿಟ್ಟು, ಯಾರಾದರೂ ಮನಸ್ಸು ಬಂದು ಮೇಲಿನಿಂದ ಹುಯ್ಯುವವರೆಗೆ ಕಾಯಬೇಕಿತ್ತು.

ನಾಯಕರು ಬಂದದ್ದು ೧೯೫೪ರಲ್ಲಿ. ವಕೀಲಿ ಬಿಟ್ಟವರು, ಸೆರೆಮನೆ ಕಂಡವರು, ಸ್ವಾತಂತ್ರ್ಯ ಬಂದಾಗ ಮಂತ್ರಿಪದವಿ ಬೇಡವೆಂದು ಊರೂರು ತಿರುಗಿದವರು. ಕೇರಿಯ ಹೆಣ್ಣುಮಗಳೊಬ್ಬಳು ಊರ ಬಾವಿಯಿಂದ ಸೇದಿ ಕೊಟ್ಟ ನೀರು ಕುಡಿಯದೆ ಭಾಷಣ ಆರಂಭಿಸುವುದಿಲ್ಲವೆಂಬುದು ಅವರ ನಿಯಮ. ಉಳಿದವರು ಹೆದರಿದರು, ಅಂಜಿನವ್ವ ಕಟ್ಟೆ ಹತ್ತಿದಳು. ಅವರು ಬೊಗಸೆಯೊಡ್ಡಿ ಕುಡಿದರು. ಆಮೇಲೆ ಆಕೆಯಿಂದ ಒಂದು ಮಾತು ತೆಗೆದುಕೊಂಡರು: ದಿನವೂ ಇಲ್ಲಿಗೇ ಬರಬೇಕು, ಊರಿನ ಹೆಂಗಸರ ಪಕ್ಕದಲ್ಲಿ ನಿಂತು ಸೇದಬೇಕು. ಆಕೆ “ಹೂನ್ರಿ” ಎಂದಳು. ಅದನ್ನು ಹಾಗೆಯೇ ನಡೆಸಿದಳು.

ನಡೆಸದವರು ನಾವು. ಬೈಗುಳವಿಲ್ಲ, ಹೊಡೆತವಿಲ್ಲ; ವಾರದೊಳಗೆ ಪೇಟೆಯ ಹೆಂಗಸರೆಲ್ಲ ಹೊಳೆಯ ದಾರಿ ಹಿಡಿದರು. ಸ್ವಾಗತ ಸಮಿತಿಯ ಅಧ್ಯಕ್ಷ, ಜವಳಿ ವ್ಯಾಪಾರಿ ಕುಬೇರಪ್ಪ ಇದನ್ನು ಔದಾರ್ಯವೆಂದೇ ಮನಸಾರೆ ನಂಬಿದ್ದರು.

“ಪೂರ್ತಿ ಬಾವಿ ನಿಮ್ಗೇ ಬಿಟ್ಟೀವಿ ನೋಡು ಅಂಜಿನವ್ವ. ಇನ್ನೇನು ಬೇಕು?”

“ಬಾವಿ ಯಾರಿಗೆ ಬೇಕಾಗಿತ್ತು ಸಾವ್ಕಾರ್ರೆ? ನಿಮ್ಮನಿ ಹೆಣ್ಮಕ್ಳು ಯಾಕ ಬರ್ವಲ್ರು, ಅದನ್ನ ಹೇಳ್ರಿ.”

ಬಾವಿಗೆ ಎರಡು ರಾಟೆಗಳಿದ್ದವು. ಅಂಜಿನವ್ವ ಒಂದರಲ್ಲಿ ಸೇದಿ, ಇನ್ನೊಂದನ್ನು ಖಾಲಿ ಬಿಡುತ್ತಿದ್ದಳು. ಹಿಂದೆ ನಿಂತ ಕೇರಿಯ ಚೌಡವ್ವನಿಗೆ ಸಿಟ್ಟು ಬರುತ್ತಿತ್ತು.

“ಯಾರು ಬರ್ತಾರಂತ ಬೇ ಕಾಯ್ತೀ? ನಮ್ಮ ಒಲಿ ಆರೋಗ್ತೈತಿಲ್ಲಿ!”

“ಇವತ್ತು ಬರಬೌದು, ತಡಿ.”

ಹೀಗೆ ವರ್ಷಗಳು ಹೋದವು. ೧೯೬೩ರ ಬೇಸಿಗೆಯಲ್ಲಿ ನಾಯಕರು ತೀರಿಕೊಂಡ ಸುದ್ದಿ ಬಂತು. ಹರಿಹರದಲ್ಲಿ ಸಂತಾಪ ಸಭೆ. ಭಾವಚಿತ್ರಕ್ಕೆ ಹಾರ ಹಾಕಲು ಕುಬೇರಪ್ಪನವರು ಅಂಜಿನವ್ವನನ್ನೇ ಕರೆಸಿದರು. ಆಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೊಡದಲ್ಲಿ ಪೇಟೆ ಬಾವಿಯ ನೀರು ತಂದು, ಭಾಷಣಕಾರರ ಮೇಜಿನ ಮೇಲಿದ್ದ ಲೋಟಗಳಿಗೆ ತಾನೇ ತುಂಬಿಸಿದಳು.

ಬಂದವರೆಲ್ಲ ಆ ಮಹನೀಯರ ಆದರ್ಶ ಕೊಂಡಾಡಿದರು. ಗಂಟಲು ಒಣಗಿತು, ದನಿ ಕಟ್ಟಿತು. ಲೋಟ ಮುಟ್ಟಿದವರಿಲ್ಲ. ಮೈಕಿನ ಬಳಿಯಿದ್ದ ಅಲ್ಲಾಬಕ್ಷ್ ಅವರು ನೋಡಲಾಗದೆ ಒಂದು ಲೋಟಕ್ಕೆ ಕೈಹಾಕಿದರು. ಅಂಜಿನವ್ವ ತಡೆದಳು.

“ನೀ ಬ್ಯಾಡಣ್ಣ. ನೀ ನಮ್ಮನ್ಯಾಗ ದಿನಾ ಕುಡೀತಿ. ಇವ್ರು ಕುಡೀಲಿ.”

“ಇವ್ರು ಕುಡಿಯೋ ಹೊತ್ತಿಗೆ ನನ್ನ ಬ್ಯಾಟರಿ ಇಳ್ದೋಗ್ತೈತೆ ಬಿಡವ್ವ.”

ಕುಬೇರಪ್ಪನವರಿಗೆ ಕೆಮ್ಮು ಹತ್ತಿತು. ಸೋಡಾ ತರಿಸಿದರು. ಆಕೆ ಲೋಟವನ್ನು ಅವರ ಮುಂದಕ್ಕೆ ಸರಿಸಿದಳು.

“ಬ್ಯಾಡವ್ವ, ನಂಗೆ ಶೀತ ಆಗೈತೆ.”

“ಶೀತಕ್ಕ ಸೋಡಾ ಆಗ್ತೈತೇನ್ರಿ?”

ಸಭೆಯಲ್ಲಿ ಕೆಲವರು ನಕ್ಕರು. ನಕ್ಕವರೂ ಕುಡಿಯಲಿಲ್ಲ. ವಂದನಾರ್ಪಣೆ ಮುಗಿದ ಮೇಲೆ ಆಕೆ ಲೋಟದ ನೀರನ್ನೆಲ್ಲ ಕೊಡಕ್ಕೆ ಮರಳಿ ಸುರಿದುಕೊಂಡು ಹೊರಟಳು. ಅಲ್ಲಿದ್ದವರಲ್ಲಿ ಮೂವರು ನನ್ನ ಸಹಪಾಠಿಗಳು, ಪದವೀಧರರು. ಅವರ ಹೆಸರು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಅಂಜಿನವ್ವ ಬಾವಿಗೆ ಹೋಗಲಿಲ್ಲ. ತುಂಗಭದ್ರೆಯ ದಂಡೆಗೆ, ಪೇಟೆಯ ಹೆಂಗಸರು ನೀರು ತುಂಬುವಲ್ಲಿಗೇ ಇಳಿದಳು.

“ನಿಮ್ಗೆ ಬಾವಿ ಐತಲ್ಲ, ಇಲ್ಲಿಗ್ಯಾಕ ಬಂದಿ?” ಎಂದು ಒಬ್ಬಾಕೆ ಕೇಳಿದಳು.

“ನೀವು ಅಲ್ಲಿಗೆ ಬರ್ಲಿಲ್ರವ್ವ, ಅದಕ್ಕ ನಾನೇ ಬಂದೆ. ಬಾವಿ ಬಿಟ್ರಿ. ಹೊಳಿ ಬಿಟ್ಟು ಎಲ್ಲಿಗೆ ಹೋಗ್ತೀರಿ?”

ಹೆಂಗಸರು ಅರ್ಧ ತುಂಬಿದ ಕೊಡಗಳನ್ನು ಎತ್ತಿಕೊಂಡು, ಆಕೆಗಿಂತ ಮೇಲೆ, ನೀರು ಹರಿದುಬರುವ ಕಡೆಗೆ ನಡೆದು, ಅಲ್ಲಿ ತುಂಬತೊಡಗಿದರು. ಅಂಜಿನವ್ವ ಸೆರಗು ಸಿಕ್ಕಿಸಿ ಅವರ ಪಕ್ಕಕ್ಕೆ ಹೋಗಿ ನಿಂತಳು. ಅವರು ಇನ್ನೂ ಮೇಲಕ್ಕೆ ಸರಿದರು. ಆಕೆಯೂ ಹೋದಳು.