ಇಂದುಬಾಯಿಯ ಮಾದಲ ಹಣ್ಣು

ಬೆಳಗಿನ ಏಳಕ್ಕೆ ಇಂದುಬಾಯಿ ಲಿಂಬೆ ರಾಶಿಯ ಮುಂದೆ ಕೂತಿದ್ದರು. ಒಂದೊಂದೇ ಹಣ್ಣು ಎತ್ತಿ, ಉಳಿದ ತೊಟ್ಟಿನ ಚೂರನ್ನು ಹೆಬ್ಬೆರಳಿನ ಉಗುರಿನಿಂದ ಮುರಿದು ಚೀಲಕ್ಕೆ ಹಾಕುತ್ತಿದ್ದರು. ಚೂಪಾದದ್ದು ಏನು ಉಳಿದರೂ ಚೀಲದಲ್ಲಿ ಪಕ್ಕದ ಹಣ್ಣಿಗೆ ಚುಚ್ಚಿ ಎರಡೂ ಕೊಳೆಯುತ್ತವೆ. ಇಂಡಿಯಿಂದ ಆರು ಕಿಲೋಮೀಟರ್ ದೂರದ ಈ ತೋಟದಲ್ಲಿ ನಲವತ್ತು ವರ್ಷ ಮಾಡಿದ ಕೆಲಸ. ಇದಕ್ಕೆ ಅವರಿಗೆ ಕಣ್ಣು ಬೇಕಿಲ್ಲ.

ಇಂದುಬಾಯಿ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಹೋದ ವರ್ಷ ಸೊಸೆ ಭಾಗ್ಯಜ್ಯೋತಿಗೆ ಐದನೇ ತಿಂಗಳಲ್ಲಿ ಗರ್ಭ ಇಳಿಯಿತು. ಅದೇ ವಾರ ಬಾವಿಕಟ್ಟೆಯ ಮೇಲೆ ಕುಂಕುಮ ಹಚ್ಚಿ ಸೂಜಿ ಚುಚ್ಚಿದ ಲಿಂಬೆ ಹಣ್ಣು ಸಿಕ್ಕಿತ್ತು. ಇಟ್ಟವರು ಯಾರೆಂದು ತಿಳಿಯಲಿಲ್ಲ. ಈಗ ಭಾಗ್ಯಜ್ಯೋತಿ ಮತ್ತೆ ಏಳು ತಿಂಗಳ ಬಸುರಿ. ಮಾರುಕಟ್ಟೆಗೆ ಹೋಗುವ ಲಿಂಬೆಯ ಮಾತು ಬೇರೆ. ಹಿತ್ತಲ ಗಿಡದ್ದನ್ನು ಇಂದುಬಾಯಿ ಹೊರಗಿನವರ ಕೈಗೆ ಕೊಡುವುದನ್ನೇ ನಿಲ್ಲಿಸಿದ್ದಾರೆ.

ಸೀಗಿ ಹುಣ್ಣಿಮೆಗೆ ಐದು ದಿನ ಉಳಿದಿದ್ದ ಆ ಬೆಳಿಗ್ಗೆ ಲಿಂಬೆ ದಲಾಲ ಇಜಾಜ ಬೈಕಿನ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬಂದ. ಹೆಸರು ಸ್ಯಾಮ್ಸನ್ ನಾಗಾವಕರ, ಮರಾಠಿ ಸೀಮೆಯ ಠಾಣೆ ಊರಿನವರು, ರೈಲ್ವೆಯಿಂದ ನಿವೃತ್ತರು. ಅವರಿಗೆ ಬೇಕಾದದ್ದು ಹಿತ್ತಲಲ್ಲಿದ್ದ, ಲಿಂಬೆ ಜಾತಿಯದೇ ಆದ ಒಂದೇ ಒಂದು ಮಾದಲ ಗಿಡದ ಒಂದೇ ಒಂದು ಹಣ್ಣು. ತಿನ್ನಲಿಕ್ಕಲ್ಲ, ಉಪ್ಪಿನಕಾಯಿಗೂ ಅಲ್ಲ.

ಅವರು ಕಿಸೆಯಿಂದ ಭೂತಗನ್ನಡಿ ತೆಗೆದು ಗಿಡದಲ್ಲಿದ್ದ ಹಣ್ಣುಗಳ ಸಿಪ್ಪೆಯನ್ನು ಇಂಚಿಂಚಾಗಿ ನೋಡತೊಡಗಿದರು. ಗಿಡ ಕಸಿ ಮಾಡಿದ್ದೋ, ಬೀಜದಿಂದ ಬಂದದ್ದೋ ಎಂದು ಮೂರು ಸಲ ಕೇಳಿದರು. ಅತ್ತೆ ಬೀಜ ಊರಿದ್ದನ್ನು ಕಣ್ಣಾರೆ ಕಂಡ ಇಂದುಬಾಯಿಗೆ ಮೂರನೇ ಸಲ ಸಿಟ್ಟು ಬಂತು.

“ಗಿಡದ ಕುಲಾ ಕೇಳ್ತಾನ, ತನ್ನ ಕುಲಾ ಹೇಳವಲ್ಲ. ಇಂವ ಯಾವ ಊರ ಮಾಂತ್ರಿಕನೋ ಇಜಾಜ?”

“ಮಾಂತ್ರಿಕ ಅಲ್ಲ ಕಾಕಿ, ಯಹೂದಿ ಮಂದಿ. ಹಬ್ಬಕ್ಕ ಬೇಕಂತ.”

ನಾಗಾವಕರ ಮರಾಠಿಯಲ್ಲಿ ವಿವರಿಸಿದರು. ಗಡಿ ತಾಲೂಕಿನ ಇಂದುಬಾಯಿಗೆ ಆ ಭಾಷೆ ಬರುತ್ತದೆ. ಸುಕ್ಕೋತ್ ಎಂಬ ಅವರ ಹಬ್ಬ ಈ ಹುಣ್ಣಿಮೆಗೇ ಶುರು. ಮನೆಯ ಹೊರಗೆ ಚಪ್ಪರ ಹಾಕಿ, ಮೇಲೆ ಹಸಿರು ಸೊಪ್ಪು ಹೊದಿಸಿ, ಏಳು ದಿನ ಅದರೊಳಗೆ ಉಣ್ಣುತ್ತಾರೆ. ಖರ್ಜೂರದ ಎಳೆ ಗರಿಯ ಜೊತೆಗೆ ಎರಡು ಬಗೆಯ ಎಲೆಕಡ್ಡಿ ಕಟ್ಟಿ, ಮಾದಲವನ್ನು ಅದಕ್ಕೆ ಜೋಡಿಸಿ ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಕಲೆ ಇಲ್ಲದ, ಕಸಿ ಇಲ್ಲದ ಗಿಡದ ಹಣ್ಣೇ ಆಗಬೇಕು.

ಇಂದುಬಾಯಿ ಅಡ್ಡ ಪ್ರಶ್ನೆ ಹಾಕಿದರು. ಪೂಜೆಗೆ ಕುಂಕುಮ ಹಚ್ಚುತ್ತಾರೋ? ಇಲ್ಲ. ಕೊಯ್ಯುತ್ತಾರೋ? ಇಲ್ಲ. ಹುಣ್ಣಿಮೆಗೆ ತಾವೂ ಹೊಲದಲ್ಲೇ ಉಣ್ಣುವುದು ನೆನಪಾಗಿ ಅರೆಮನಸ್ಸಿನಿಂದ ಎದ್ದರು. ಚಂದದ ಹಣ್ಣೊಂದನ್ನು ಕಿತ್ತು, ಕೊಡುವ ಮೊದಲು ಅದರ ತುದಿಯಲ್ಲಿದ್ದ ಸಣ್ಣ ಮೊಳಕೆಯಂಥದ್ದನ್ನು ರೂಢಿಯಂತೆ ಹೆಬ್ಬೆರಳಿನಿಂದ ಚಟಕ್ಕನೆ ಮುರಿದರು.

ನಾಗಾವಕರರ ಮೋರೆ ಬಾಡಿತು. ತುದಿ ಮುರಿದದ್ದು ನಡೆಯುವುದಿಲ್ಲ ಎಂದರು.

ಆ ತುದಿಯಲ್ಲಿ ಅಂಥದ್ದು ಏನಿದೆ ಎಂದು ಇಂದುಬಾಯಿ ಕೇಳಿದರು. ಅದಿಲ್ಲದೆ ಹಣ್ಣು ಪೂರ್ಣವಲ್ಲ ಎಂದ ನಾಗಾವಕರ ಅಷ್ಟಕ್ಕೇ ನಿಲ್ಲಲಿಲ್ಲ. ಹಬ್ಬ ಮುಗಿದ ಮೇಲೆ ಬಸುರಿ ಹೆಂಗಸರು ಆ ತುದಿಯನ್ನು ಕಚ್ಚುವ ವಾಡಿಕೆಯಿದೆ, ಹೆರಿಗೆ ಸುಸೂತ್ರವಾಗುತ್ತದೆಂಬ ನಂಬಿಕೆ, ತಮ್ಮ ಹೆಂಡತಿಯೂ ಕಚ್ಚಿದ್ದಳು ಎಂದರು.

ಇಂದುಬಾಯಿ ತಿರುಗಿ ನೋಡಿದರು. ಭಾಗ್ಯಜ್ಯೋತಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗುವಂತೆ ಕಣ್ಣಲ್ಲೇ ಹೇಳಿ, ಇಜಾಜನ ಕಡೆ ಹೊರಳಿದರು.

“ನಮ್ಮ ಮನ್ಯಾಗ ಬಸರಿ ಅದಾಳಂತ ಇವಗ ಯಾರ ಹೇಳ್ಯಾರ?”

ಇಜಾಜ ಮಕ್ಕಳ ಆಣೆ ಇಟ್ಟ. ಇಂದುಬಾಯಿ ಮುರಿದ ಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹಣ್ಣು ಇಲ್ಲ, ಹೋಗಿ ಎಂದರು.

ಇಜಾಜನಿಗೆ ಬಂದ ದಾರಿ ದಂಡವಾಯಿತೆಂಬ ಬೇಸರ. ಬೇಲಿಯಾಚೆ ಚಾಚಿದ ಕೊಂಬೆಯಿಂದ ಒಂದನ್ನು ಕಿತ್ತುಕೊಂಡು ನಡೆಯಿರಿ, ಮುದುಕಿಗೆ ಗೊತ್ತಾಗುವುದಿಲ್ಲ ಎಂದು ಬೈಕಿನ ಹತ್ತಿರ ಪಿಸುಗುಟ್ಟಿದ. ಬೇಲಿ ಮರೆಯಲ್ಲಿ ನಿಂತಿದ್ದ ಇಂದುಬಾಯಿಗೆ ಅದು ಕೇಳಿಸಿತು. ನಾಗಾವಕರ ಕೊಟ್ಟ ಉತ್ತರವೂ ಕೇಳಿಸಿತು: ಕದ್ದ ಹಣ್ಣು ಹಿಡಿದು ಮಾಡಿದ ಪ್ರಾರ್ಥನೆ ಸಲ್ಲುವುದಿಲ್ಲ, ಹಣ್ಣು ತನ್ನದೇ ಆಗಿರಬೇಕು, ಕೊಡುವವರು ಮನಸಾರೆ ಕೊಟ್ಟಿರಬೇಕು. ಅವರು ಬೈಕ್ ಹತ್ತಿ ಕೂತರು.

ಮಾಟ ಮಾಡುವವರು ಕೇಳಿ ಒಯ್ಯುವುದಿಲ್ಲ, ಕದ್ದೇ ಒಯ್ಯುತ್ತಾರೆ. ಇದು ಇಂದುಬಾಯಿಗೆ ಗೊತ್ತಿದ್ದ ಲೆಕ್ಕ. ಬೇಲಿಯಾಚೆ ಬಂದು ಬೈಕಿಗೆ ಅಡ್ಡ ನಿಂತರು.

“ಕೊಡ್ತೇನಿ. ಹಬ್ಬಾ ಮುಗದ ಮ್ಯಾಗ ಅದ ಹಣ್ಣ ತಿರುಗಿ ನನ್ನ ಕೈಯಾಗ ಬರಬೇಕು. ಕೊಯ್ದಿರಬಾರ್ದು, ಸೂಜಿ ತಾಗಿರಬಾರ್ದು.”

ನಾಗಾವಕರ ಬೈಕಿನಿಂದ ಇಳಿದರು. ತಿರುಗಿ ಕೊಡುವ ಕರಾರಿನ ಮೇಲೆ ಕೊಟ್ಟದ್ದೂ ಕೊಟ್ಟದ್ದೇ, ನಮ್ಮ ಶಾಸ್ತ್ರ ಅದನ್ನು ಒಪ್ಪುತ್ತದೆ ಎಂದರು. ಈ ಸಲ ಅವರೇ ಹಣ್ಣು ಆರಿಸಿದರು. ಇಂದುಬಾಯಿ ಕತ್ತರಿಯಿಂದ ತೊಟ್ಟನ್ನು ಹಣ್ಣಿಗೇ ಉಳಿಸಿ ಕತ್ತರಿಸಿ, ತುದಿ ಮುಟ್ಟದೆ, ಹತ್ತಿಯಲ್ಲಿಟ್ಟು ಕೊಟ್ಟರು. ಕೊಡುವ ಮೊದಲು ಸಿಪ್ಪೆಯ ಮೇಲಿನ ಗಂಟುಗಳನ್ನು ಬೆರಳಾಡಿಸಿ ಗುರುತು ಹಿಡಿದುಕೊಂಡರು. ಬೇರೆ ಹಣ್ಣು ತಂದರೆ ತಿಳಿಯಬೇಕಲ್ಲ.

ಹುಣ್ಣಿಮೆ ಕಳೆದು ಹತ್ತನೆಯ ದಿನ ನಾಗಾವಕರ ಹಣ್ಣಿನೊಂದಿಗೆ ಇಂಡಿಗೆ ಬರಲಿದ್ದಾರೆ. ಅದರ ಹಿಂದಿನ ದಿನವೇ ಭಾಗ್ಯಜ್ಯೋತಿಯನ್ನು ಮೋರಟಗಿಯ ತವರಿಗೆ ಬಿಟ್ಟು ಬರಲು ಇಂದುಬಾಯಿ ಟೆಂಪೊ ಹೇಳಿಟ್ಟಿದ್ದಾರೆ. ಹೊರಗೆ ಹೋಗಿ ಬಂದ ಹಣ್ಣು ಬಸುರಿಯ ಕಣ್ಣಿಗೂ ಬೀಳಬಾರದಲ್ಲ.